ನಗರದ ಮೊದಲ ಕೆಲಸ ಯಾವುದು?

ಮಂಗಳೂರು ಮಹಾನಗರಪಾಲಿಕೆಯಲ್ಲಿ ಆದ್ಯತೆಗಳು ಗೊತ್ತಾಗುವ ಬಗೆ

ತಿಂಗಳ ಮೊದಲ ದಿನ ಸಂಬಳದ ಹಣವನ್ನು ಮುಂದಿಟ್ಟುಕೊಂಡು ಕುಳಿತ ಗೃಹಸ್ಥನಿಗೆ, ಹಣ ಎಷ್ಟಿದೆ ಎಂಬುದಕ್ಕಿಂತ ಯಾವ ಖರ್ಚು ಮೊದಲು ಎಂಬುದೇ ದೊಡ್ಡ ಚಿಂತೆ. ಅಕ್ಕಿಯ ಲೆಕ್ಕ, ಹಾಲಿನ ಲೆಕ್ಕ, ಮಕ್ಕಳ ಶಾಲೆಯ ಶುಲ್ಕ, ನೆಂಟರ ಮನೆಯ ಮದುವೆಗೆ ಕೊಡಬೇಕಾದ ಉಡುಗೊರೆ, ಮಳೆಗಾಲಕ್ಕೆ ಮುನ್ನ ಮಾಡಿಸಲೇಬೇಕಾದ ಮಾಡಿನ ರಿಪೇರಿ, ಇವುಗಳಲ್ಲಿ ಯಾವುದೊಂದನ್ನೂ ಅನಾವಶ್ಯಕವೆನ್ನುವಂತಿಲ್ಲ. ಆದರೂ ಎಲ್ಲವನ್ನೂ ಒಂದೇ ತಿಂಗಳಲ್ಲಿ ಮಾಡಲಾಗದು. ಮನೆಯೊಡತಿ ಹೆಂಚಿನ ಕಡೆಗೊಮ್ಮೆ ನೋಡಿ, ‘ಮೊದಲು ಮಾಡು ಸರಿಯಾಗಲಿ’ ಎಂದಳೆಂದರೆ ಚರ್ಚೆ ಮುಗಿಯಿತು.

ನಗರವೊಂದರ ಸಂಸಾರವೂ ಇದೇ ಬಗೆಯದು. ೨೦೧೧ರ ಜನಗಣತಿಯ ವೇಳೆಗೆ ಸುಮಾರು ಐದು ಲಕ್ಷ ಜನರಿದ್ದ ಮಂಗಳೂರಿನಲ್ಲಿ ಗುಡ್ಡದ ಮೇಲಿನ ಬಡಾವಣೆಯವರಿಗೆ ನೀರು ಬೇಕು. ತಗ್ಗಿನವರಿಗೆ ನೀರು ಹರಿದುಹೋಗಬೇಕು. ಬಂದರಿನ ವ್ಯಾಪಾರಿಗಳಿಗೆ ಲಾರಿ ಓಡಾಡುವಷ್ಟು ಅಗಲದ ರಸ್ತೆ ಬೇಕು. ಅದೇ ರಸ್ತೆಯ ಬದಿಯ ಮನೆಯವರಿಗೆ ತಮ್ಮ ಅಂಗಳ ಉಳಿಯಬೇಕು. ಸುರತ್ಕಲ್ಲಿನವರ ಬೇಡಿಕೆ ಬೇರೆ, ಕಂಕನಾಡಿಯವರ ಬೇಡಿಕೆ ಬೇರೆ. ಇಲ್ಲಿ ಒಂದು ಮಾತಿನಿಂದ ಚರ್ಚೆಯನ್ನು ಮುಗಿಸಬಲ್ಲ ಮನೆಯೊಡತಿಯಿಲ್ಲ. ಅರವತ್ತು ವಾರ್ಡುಗಳಿಂದ ಆರಿಸಿ ಬರುವ ಅರವತ್ತು ಮಂದಿಯ ಪರಿಷತ್ತು, ಅದರೊಳಗಿನ ನಾಲ್ಕು ಸಮಿತಿಗಳು ಮತ್ತು ಸರಕಾರ ನೇಮಿಸಿದ ಒಬ್ಬ ಆಯುಕ್ತರು, ಇವರ ನಡುವೆ ಆ ತೀರ್ಮಾನ ಆಗಬೇಕು. ಅದು ಹೇಗೆ ಆಗುತ್ತದೆ ಮತ್ತು ಕೆಲವೊಮ್ಮೆ ಏಕೆ ಆಗುವುದಿಲ್ಲ ಎಂಬುದನ್ನು ಅರಿಯುವುದು, ವರ್ಷಕ್ಕೊಮ್ಮೆ ಮನೆ ತೆರಿಗೆ ಕಟ್ಟುವ ಪ್ರತಿಯೊಬ್ಬ ಪೌರನಿಗೂ ಅವಶ್ಯವಾದ ವಿಷಯ.

ಮುನಿಸಿಪಾಲಿಟಿಯಿಂದ ಮಹಾನಗರಪಾಲಿಕೆಗೆ

ಮಂಗಳೂರಿನ ಪೌರಸಂಸ್ಥೆ ಇಂದು ನಿನ್ನೆಯದಲ್ಲ. ಮದರಾಸು ಸರಕಾರದ ೧೮೬೫ರ ಪಟ್ಟಣ ಸುಧಾರಣಾ ಕಾಯಿದೆಯ ಮೇರೆಗೆ ೧೮೬೬ರಲ್ಲಿ ಇಲ್ಲಿ ಮುನಿಸಿಪಾಲಿಟಿ ಸ್ಥಾಪಿತವಾಯಿತು. ಆ ಕಾಲದ ಪುರಸಭೆಯಲ್ಲಿ ಊರವರ ಮಾತಿಗೆ ಹೆಚ್ಚಿನ ಎಡೆಯಿರಲಿಲ್ಲ. ಸದಸ್ಯರನ್ನು ಸರಕಾರವೇ ನೇಮಿಸುತ್ತಿತ್ತು. ಊರಿನ ಕೆಲಸವನ್ನು ಊರವರೇ ನೋಡಿಕೊಳ್ಳುವುದು ಸ್ವರಾಜ್ಯದ ಮೊದಲ ಪಾಠವೆಂಬ ಅಭಿಪ್ರಾಯಕ್ಕೆ ೧೮೮೨ರಲ್ಲಿ ವೈಸರಾಯ್ ಲಾರ್ಡ್ ರಿಪ್ಪನ್ ಹೊರಡಿಸಿದ ನಿರ್ಣಯದಿಂದ ಬಲ ಬಂದಿತು. ಮದರಾಸು ಪ್ರಾಂತ್ಯದಲ್ಲಿ ೧೮೮೪ರ ಜಿಲ್ಲಾ ಮುನಿಸಿಪಾಲಿಟಿಗಳ ಕಾಯಿದೆಯೂ, ಮುಂದೆ ೧೯೨೦ರ ಕಾಯಿದೆಯೂ ಚುನಾಯಿತ ಸದಸ್ಯರ ಪಾಲನ್ನು ಹೆಚ್ಚಿಸುತ್ತ ಬಂದುವು.

೧೯೫೬ರ ನವೆಂಬರ್ ೧ರಂದು ದಕ್ಷಿಣ ಕನ್ನಡವು ಮದರಾಸಿನಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿತು. ಆ ಬಳಿಕ ೧೯೬೪ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಪುರಸಭಾ ಕಾಯಿದೆಯಾಯಿತು. ೧೯೮೦ರಲ್ಲಿ ಮಂಗಳೂರು ಮಹಾನಗರಪಾಲಿಕೆಯ ಪದವಿಗೇರಿತು. ಅಂದಿನಿಂದ ಅದರ ಆಡಳಿತವು ೧೯೭೬ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯಿದೆಗೆ ಒಳಪಟ್ಟಿದೆ. ಹೆಸರು ಬದಲಾಯಿತು, ಎಲ್ಲೆ ಹಿಗ್ಗಿತು, ಕಚೇರಿಗೆ ಲಾಲ್‌ಬಾಗಿನಲ್ಲಿ ದೊಡ್ಡ ಕಟ್ಟಡವಾಯಿತು. ಆದರೆ ಯಾವುದು ಮೊದಲು ಎಂಬ ಪ್ರಶ್ನೆ ಮಾತ್ರ ೧೮೬೬ರಲ್ಲಿದ್ದಂತೆಯೇ ಉಳಿದಿದೆ.

ಆಡುವವರು ಬೇರೆ, ಮಾಡುವವರು ಬೇರೆ

ಪಾಲಿಕೆಯ ರಚನೆಯನ್ನು ತಿಳಿಯಬೇಕಾದರೆ ಒಂದು ಸಂಗತಿಯನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ಇಂಗ್ಲೆಂಡಿನ ಹಳೆಯ ಪುರಸಭೆಗಳಲ್ಲಿ ಸದಸ್ಯರ ಸಮಿತಿಗಳೇ ಇಲಾಖೆಗಳ ಕೆಲಸವನ್ನು ನೇರವಾಗಿ ನಡೆಸುತ್ತಿದ್ದುವು. ಭಾರತದಲ್ಲಿ ೧೮೮೮ರ ಮುಂಬಯಿ ಕಾಯಿದೆಯು ಬೇರೊಂದು ಹಾದಿಯನ್ನು ಹಿಡಿಯಿತು. ಅದರ ಪ್ರಕಾರ ಚರ್ಚಿಸಿ ತೀರ್ಮಾನಿಸುವ ಅಧಿಕಾರ ಚುನಾಯಿತ ಸದಸ್ಯರದು. ಆ ತೀರ್ಮಾನವನ್ನು ಕಾರ್ಯಗತಗೊಳಿಸುವ ಅಧಿಕಾರ ಸರಕಾರ ನೇಮಿಸಿದ ಆಯುಕ್ತರದು. ಕರ್ನಾಟಕದ ಕಾಯಿದೆಯೂ ಇದೇ ಹಾದಿಯದು. ಆಯುಕ್ತರು ಪರಿಷತ್ತಿನ ಸಭೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ಸದಸ್ಯರು ಮತ ಹಾಕಬಹುದು, ಗುತ್ತಿಗೆದಾರನಿಗೆ ಕೆಲಸದ ಆದೇಶ ಕೊಡುವಂತಿಲ್ಲ.

ಪರಿಷತ್ತಿನಲ್ಲಿ ಅರವತ್ತು ಚುನಾಯಿತ ಸದಸ್ಯರಲ್ಲದೆ ಕ್ಷೇತ್ರದ ಲೋಕಸಭಾ ಸದಸ್ಯರೂ ಶಾಸಕರೂ ಮತಾಧಿಕಾರದೊಡನೆ ಕೂರುತ್ತಾರೆ. ಸರಕಾರವು ಐವರವರೆಗೆ ನಾಮಕರಣ ಮಾಡಬಹುದಾದರೂ ಅವರಿಗೆ ಮತವಿಲ್ಲ. ಚುನಾಯಿತ ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲು. ಮೇಯರ್ ಪದವಿಯ ಅವಧಿ ಒಂದೇ ವರ್ಷ; ಅದೂ ಮೀಸಲಾತಿಯ ಸರದಿಯಂತೆ ಬದಲಾಗುತ್ತ ಹೋಗುತ್ತದೆ.

ಈ ಒಂದು ವರ್ಷದ ಅವಧಿ ಸಣ್ಣ ಸಂಗತಿಯಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜೋಸೆಫ್ ಚೇಂಬರ್ಲೇನ್ ೧೮೭೩ರಿಂದ ೧೮೭೬ರವರೆಗೆ ಸತತವಾಗಿ ಮೇಯರಾಗಿದ್ದನು. ಖಾಸಗಿ ಕಂಪೆನಿಗಳ ಕೈಯಲ್ಲಿದ್ದ ದೀಪದ ಅನಿಲವನ್ನೂ ಕುಡಿಯುವ ನೀರನ್ನೂ ನಗರದ ಸ್ವತ್ತಾಗಿ ಮಾಡುವುದಕ್ಕೆ ಆ ಮೂರು ವರ್ಷಗಳು ಬೇಕಾದುವು. ಮಂಗಳೂರಿನಲ್ಲಿ ೨೦೧೪ರಿಂದ ೨೦೧೯ರವರೆಗೆ ಐವರು, ೨೦೨೦ರಿಂದ ೨೦೨೫ರವರೆಗೆ ಮತ್ತೆ ಐವರು ಮೇಯರ್ ಪೀಠವನ್ನೇರಿದರು. ಪದವಿ ಹಲವರಿಗೆ ದೊರೆಯುವುದು ನ್ಯಾಯವೇ. ಆದರೆ ಒಬ್ಬರು ಹಿಡಿದ ಕೆಲಸ ಮುಂದಿನವರ ಕೈಯಲ್ಲಿ ಮುಂದುವರಿಯಬೇಕಾದರೆ ಪೀಠಕ್ಕಿಂತ ಸ್ಥಿರವಾದ ಯಾವುದೋ ಒಂದು ವ್ಯವಸ್ಥೆ ಇರಬೇಕು. 

ನಾಲ್ಕು ಸಮಿತಿಗಳು

ಪರಿಷತ್ತು ಸಾಮಾನ್ಯವಾಗಿ ತಿಂಗಳಿಗೊಮ್ಮೆ ಸೇರುತ್ತದೆ. ಅರವತ್ತು ಮಂದಿ ಒಂದೆಡೆ ಕುಳಿತು ಪ್ರತಿಯೊಂದು ಚರಂಡಿಯ ಅಂದಾಜುಪಟ್ಟಿಯನ್ನು ಓದುವುದು ಸಾಧ್ಯವಿಲ್ಲ. ಆದುದರಿಂದ ಕಾಯಿದೆಯು ನಾಲ್ಕು ಸ್ಥಾಯಿ ಸಮಿತಿಗಳನ್ನು ವಿಧಿಸಿದೆ. ಒಂದೊಂದರಲ್ಲಿ ಏಳು ಸದಸ್ಯರು. ಅವರನ್ನು ಪರಿಷತ್ತಿನ ಸದಸ್ಯರು ತಮ್ಮೊಳಗಿಂದ ಆರಿಸುತ್ತಾರೆ. ಸಮಿತಿಯವರು ತಮ್ಮಲ್ಲೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸಿಕೊಳ್ಳುತ್ತಾರೆ. ಸಮಿತಿಗಳ ಅವಧಿಯೂ ಒಂದೇ ವರ್ಷ.

ಮೊದಲನೆಯದು ತೆರಿಗೆ ನಿರ್ಧರಣೆ, ಹಣಕಾಸು ಮತ್ತು ಮೇಲ್ಮನವಿ ಸಮಿತಿ. ಪಾಲಿಕೆಯ ಆಯವ್ಯಯವನ್ನು ಪರಿಷತ್ತಿನ ಮುಂದಿಡುವವರು ಮೇಯರರೆಂದು ಹಲವರು ಭಾವಿಸುವುದುಂಟು. ವಾಸ್ತವದಲ್ಲಿ ಅದನ್ನು ಮಂಡಿಸುವವರು ಈ ಸಮಿತಿಯ ಅಧ್ಯಕ್ಷರು. ಮನೆ ತೆರಿಗೆ, ನೀರಿನ ಶುಲ್ಕ, ವ್ಯಾಪಾರದ ಪರವಾನಿಗೆ, ಅಂಗಡಿಗಳ ಬಾಡಿಗೆ ಮೊದಲಾದ ಆದಾಯದ ಬಾಬತ್ತುಗಳು ಇಲ್ಲಿ ಪರಿಶೀಲನೆಗೆ ಬರುತ್ತವೆ. ಖರ್ಚಿನ ಪಟ್ಟಿಯಲ್ಲಿ ಯಾವ ಬಾಬತ್ತು ಸೇರುತ್ತದೆ, ಯಾವುದು ಮುಂದಿನ ವರ್ಷಕ್ಕೆ ಜಾರುತ್ತದೆ ಎಂಬುದೂ ಬಹುಪಾಲು ಇಲ್ಲಿಯೇ ಗೊತ್ತಾಗುತ್ತದೆ.

ಎರಡನೆಯದು ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ ಸಮಿತಿ. ಹೆಸರು ವಿಶಾಲವಾದುದು. ಆದರೆ ಶಾಲೆಗಳ ಬಹುಪಾಲು ರಾಜ್ಯದ ಶಿಕ್ಷಣ ಇಲಾಖೆಯ ಕೈಯಲ್ಲಿರುವುದರಿಂದ ಈ ಸಮಿತಿಯ ಮುಖ್ಯ ಕಾಳಜಿ ನೈರ್ಮಲ್ಯ, ಕಸದ ವಿಲೇವಾರಿ ಮತ್ತು ರೋಗನಿವಾರಣೆ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಸುರಿದು, ನಿಂತ ನೀರಿನಲ್ಲಿ ಸೊಳ್ಳೆ ಬೆಳೆದು, ಮಲೇರಿಯ ಮನೆಮಾತಾಗಿದ್ದ ಈ ಊರಿನಲ್ಲಿ ಅದು ಅಲ್ಪ ಕಾಳಜಿಯಲ್ಲ.

ಮೂರನೆಯದು ನಗರ ಯೋಜನೆ ಮತ್ತು ಸುಧಾರಣಾ ಸಮಿತಿ. ರಸ್ತೆ, ಕಟ್ಟಡ, ಊರಿನ ಬೆಳವಣಿಗೆಯ ವಿಚಾರಗಳು ಇದರ ಪಾಲಿನವು. ನಾಲ್ಕನೆಯದು ಲೆಕ್ಕಪತ್ರ ಸಮಿತಿ. ಖರ್ಚಾದ ಹಣಕ್ಕೆ ರಸೀದಿಯಿದೆಯೆ, ಲೆಕ್ಕ ತನಿಖೆಯವರು ತೆಗೆದ ಆಕ್ಷೇಪಣೆಗೆ ಉತ್ತರವಿದೆಯೆ ಎಂದು ಕೇಳುವುದು ಇದರ ಕರ್ತವ್ಯ. ಅಧ್ಯಕ್ಷ ಪದವಿಗಾಗಿ ನಡೆಯುವ ಪೈಪೋಟಿಯಲ್ಲಿ ಈ ಕೊನೆಯ ಸಮಿತಿಗೆ ಮೊದಲ ಸ್ಥಾನ ದೊರೆಯುವುದು ಅಪರೂಪ. ಆದರೆ ಹಿಂದಿನ ವರ್ಷದ ಆದ್ಯತೆಗಳು ಕಾಗದದ ಮೇಲೆಯೇ ಉಳಿದುವೋ ನೆಲಕ್ಕಿಳಿದುವೋ ಎಂಬುದನ್ನು ಹೇಳಬಲ್ಲ ಸಮಿತಿ ಇದೊಂದೇ.

ಮಾಡಲೇಬೇಕಾದುದು, ಮಾಡಬಹುದಾದುದು

ಸಮಿತಿಗಳು ಮನಸ್ಸಿಗೆ ಬಂದಂತೆ ಆದ್ಯತೆಯನ್ನು ಗೊತ್ತುಮಾಡುವುದಕ್ಕಾಗುವುದಿಲ್ಲ. ಕಾಯಿದೆಯೇ ಪಾಲಿಕೆಯ ಕೆಲಸಗಳನ್ನು ಎರಡು ಪಟ್ಟಿಗಳಾಗಿ ವಿಂಗಡಿಸಿದೆ. ಕುಡಿಯುವ ನೀರು, ಚರಂಡಿ, ಕಸ ತೆಗೆಯುವುದು, ಬೀದಿದೀಪ, ರಸ್ತೆಗಳ ದುರಸ್ತಿ, ಶ್ಮಶಾನ, ಜನನ ಮರಣಗಳ ದಾಖಲೆ, ಇವು ಮಾಡಲೇಬೇಕಾದ ಕೆಲಸಗಳು. ಗ್ರಂಥಾಲಯ, ಉದ್ಯಾನ, ವಸ್ತುಸಂಗ್ರಹಾಲಯ ಮೊದಲಾದುವು ಹಣವಿದ್ದರೆ ಮಾಡಬಹುದಾದ ಕೆಲಸಗಳು. ಮೊದಲ ಪಟ್ಟಿಯ ಕೆಲಸಗಳು ಬಹುಪಾಲು ನೆಲದಡಿಯವು, ಕಣ್ಣಿಗೆ ಕಾಣದಂಥವು. ಎರಡನೆಯ ಪಟ್ಟಿಯವು ಕಣ್ಣಿಗೆ ಬೀಳುವಂಥವು, ಉದ್ಘಾಟನೆಯ ಫಲಕ ಹಾಕಿಸಬಹುದಾದಂಥವು. ಹೂತಿಟ್ಟ ಕೊಳವೆಯ ಮೇಲೆ ಯಾರ ಹೆಸರನ್ನು ಕೆತ್ತಿಸಲಾದೀತು? ಪೌರಾಡಳಿತದ ನಿತ್ಯದ ಪ್ರಲೋಭನೆ ಇಲ್ಲಿಯೇ ಅಡಗಿದೆ.

ಹಣದ ವಿಷಯದಲ್ಲಿಯೂ ಪಾಲಿಕೆಯ ಕೈ ಪೂರ್ಣ ಸ್ವತಂತ್ರವಲ್ಲ. ಸ್ವಂತ ಆದಾಯದಲ್ಲಿ ನೂರಕ್ಕೆ ೨೪.೧೦ರಷ್ಟನ್ನು ಪರಿಶಿಷ್ಟ ಜಾತಿ ಪಂಗಡಗಳ ಏಳಿಗೆಗೂ, ೭.೨೫ರಷ್ಟನ್ನು ಇತರ ಬಡವರ್ಗಗಳಿಗೂ, ೫ರಷ್ಟನ್ನು ಅಂಗವಿಕಲರಿಗೂ ತೆಗೆದಿಡಬೇಕೆಂದು ಸರಕಾರದ ನಿಯಮವಿದೆ. ಕೇಂದ್ರದಿಂದ ಬರುವ ಅನುದಾನಕ್ಕೂ ಗಂಟು ಕಟ್ಟಿರುತ್ತದೆ. ೧೫ನೆಯ ಹಣಕಾಸು ಆಯೋಗವು ೨೦೨೧ರಿಂದ ೨೦೨೬ರವರೆಗಿನ ಅವಧಿಗೆ ಮಂಗಳೂರಿನಂಥ ನಗರಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ ೬೦ರಷ್ಟನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಸಮನಾಗಿ ಮೀಸಲಿಟ್ಟಿತು. ದೂರದ ದೆಹಲಿಯಿಂದ ಈ ಗಂಟು ಏಕೆ ಎಂದು ಕೇಳಬಹುದು. ಬಿಟ್ಟರೆ ಹಣವು ಫಲಕ ಹಾಕಿಸಬಹುದಾದ ಕೆಲಸಗಳತ್ತಲೇ ಹರಿಯುತ್ತದೆಂಬ ಅನುಭವ ದೇಶದ ಎಲ್ಲ ಕಡೆಯದು. ಆ ಅನುಭವದಿಂದ ಹುಟ್ಟಿದ ಗಂಟು ಇದು.

ಒಂದು ತೋಡಿನ ಪಯಣ

ಈ ಯಂತ್ರ ಹೇಗೆ ತಿರುಗುತ್ತದೆಂಬುದಕ್ಕೆ ಒಂದು ಸಾಧಾರಣ ನಿದರ್ಶನವನ್ನು ತೆಗೆದುಕೊಳ್ಳಬಹುದು. ತಗ್ಗಿನ ವಾರ್ಡೊಂದರಲ್ಲಿ ಮಳೆನೀರು ಹೋಗುವ ತೋಡಿನ ಗೋಡೆ ಜರಿದಿದೆ ಎಂದಿಟ್ಟುಕೊಳ್ಳೋಣ. ಜೂನಿನ ಮೊದಲ ಮಳೆಗೆ ನೀರು ಅಂಗಳಕ್ಕೆ ನುಗ್ಗುತ್ತದೆ. ಮನೆಯವರು ವಾರ್ಡಿನ ಸದಸ್ಯರಿಗೆ ದೂರುತ್ತಾರೆ. ಸದಸ್ಯರು ಇಂಜಿನಿಯರನ್ನು ಕರೆದು ತೋರಿಸುತ್ತಾರೆ. ಮಳೆ ಬಿಟ್ಟ ಮೇಲೆ ಅಳತೆಯಾಗಿ ಅಂದಾಜುಪಟ್ಟಿ ತಯಾರಾಗುತ್ತದೆ. ಅದಕ್ಕೆ ಆಯವ್ಯಯದಲ್ಲಿ ಎಡೆಯಿದೆಯೆ ಎಂದು ಲೆಕ್ಕದ ಶಾಖೆಯವರು ನೋಡಬೇಕು. ಮೊತ್ತ ಸಣ್ಣದಾದರೆ ಆಯುಕ್ತರ ಹಂತದಲ್ಲಿ, ಮಧ್ಯಮವಾದರೆ ಸಮಿತಿಯಲ್ಲಿ, ದೊಡ್ಡದಾದರೆ ಪರಿಷತ್ತಿನಲ್ಲಿ, ಇನ್ನೂ ದೊಡ್ಡದಾದರೆ ಸರಕಾರದಲ್ಲಿ ಮಂಜೂರಾತಿ ದೊರೆಯಬೇಕು. ಆ ಬಳಿಕ ೧೯೯೯ರ ರಾಜ್ಯ ಕಾಯಿದೆಯಂತೆ ಬಹಿರಂಗ ಟೆಂಡರು, ಅದಕ್ಕೊಂದು ಅವಧಿ. ಟೆಂಡರಿಗೆ ಯಾರೂ ಬಾರದಿದ್ದರೆ ಮತ್ತೊಮ್ಮೆ ಕರೆಯಬೇಕು.

ಇಷ್ಟೆಲ್ಲ ಹಂತಗಳನ್ನು ಕಂಡು ಕೋಪಗೊಳ್ಳುವುದು ಸುಲಭ. ಆದರೆ ಒಂದೊಂದು ಹಂತವೂ ಹಿಂದೊಮ್ಮೆ ಯಾರದೋ ಕೈಯಲ್ಲಿ ಸಾರ್ವಜನಿಕರ ಹಣ ಸೋರಿದುದರ ಫಲವಾಗಿ ಬಂದುದು. ಹಂತಗಳನ್ನು ತೆಗೆದುಹಾಕುವುದು ಪರಿಹಾರವಲ್ಲ. ಸಕಾಲದಲ್ಲಿ ಅವುಗಳನ್ನು ಹತ್ತಿ ಇಳಿಯುವುದು ಪರಿಹಾರ. ತುಳುನಾಡಿನಲ್ಲಿ ಪತ್ತನಾಜೆಯೆಂದರೆ ಕೋಲ, ಆಟಗಳಿಗೆ ತೆರೆಬಿದ್ದು ಮಳೆಗಾಲದ ಸಿದ್ಧತೆ ಮುಗಿದಿರಬೇಕಾದ ದಿನ. ಮೇ ತಿಂಗಳ ೨೪ರ ಹೊತ್ತಿಗೆ ಅದು ಬರುತ್ತದೆ. ಆ ದಿನಕ್ಕೆ ತೋಡು ಸಿದ್ಧವಾಗಬೇಕಾದರೆ ಅಂದಾಜುಪಟ್ಟಿ ಹಿಂದಿನ ನವರಾತ್ರಿಯ ಹೊತ್ತಿಗೆ ಸಮಿತಿಯ ಮೇಜಿನ ಮೇಲಿರಬೇಕು. ಮಂಗಳೂರಿನಲ್ಲಿ ಆದ್ಯತೆಯೆಂಬುದು ಹಣದ ಪ್ರಶ್ನೆಯಷ್ಟೇ ಪಂಚಾಂಗದ ಪ್ರಶ್ನೆಯೂ ಹೌದು.

ಮಳೆ, ಬೇಸಗೆ ಮತ್ತು ಕಸ ಕಲಿಸಿದ ಪಾಠಗಳು

೨೦೧೮ರ ಮೇ ೨೯ರಂದು, ಪತ್ತನಾಜೆ ಕಳೆದು ಐದಾರು ದಿನಗಳಾಗಿದ್ದುವಷ್ಟೆ, ಅರಬ್ಬಿ ಸಮುದ್ರದ ಕಡೆಯಿಂದ ಬಂದ ಮಳೆ ಮಂಗಳೂರನ್ನು ಮುಳುಗಿಸಿತು. ತಗ್ಗಿನ ರಸ್ತೆಗಳು ಹೊಳೆಗಳಾದುವು; ಮನೆಗಳಿಗೆ, ಅಂಗಡಿಗಳಿಗೆ ನೀರು ನುಗ್ಗಿತು. ವರ್ಷಕ್ಕೆ ಮೂರುವರೆ ಮೀಟರಿಗೂ ಮೀರಿ ಮಳೆ ಬೀಳುವ ಈ ಊರಿನ ಗುಡ್ಡಗಳ ನಡುವೆ ಬೈಲುಗಳೂ ತೋಡುಗಳೂ ಇದ್ದುದು ಸುಮ್ಮನೆ ಅಲ್ಲ. ಬೈಲುಗಳಲ್ಲಿ ಕಟ್ಟಡಗಳೆದ್ದು, ತೋಡುಗಳು ಕಿರಿದಾಗಿ, ಅವುಗಳ ಮೇಲೆ ಚಪ್ಪಡಿ ಬಿದ್ದ ಮೇಲೆ ನೀರು ತನ್ನ ಹಳೆಯ ದಾರಿಯನ್ನು ತಾನೇ ಹುಡುಕಿಕೊಂಡಿತು.

ಬೇಸಗೆಯ ಪಾಠ ಇದಕ್ಕೆ ತದ್ವಿರುದ್ಧವಾದುದು. ಹಿಂದೆ ಮುರಕಲ್ಲಿನ ನೆಲವನ್ನು ತೋಡಿ ಮನೆಗೊಂದು ಬಾವಿ ಮಾಡಿಕೊಂಡಿದ್ದ ಊರು, ಬೆಳೆದಂತೆಲ್ಲ ನೇತ್ರಾವತಿಯನ್ನೇ ನಂಬಿತು. ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ಆ ನದಿಗೆ ಅಡ್ಡಲಾಗಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ ನಗರಕ್ಕೆ ನೀರು ಬರುತ್ತದೆ. ೨೦೧೬ರ ಬೇಸಗೆಯಲ್ಲಿ ನದಿ ಸೊರಗಿ ನಗರವು ತೀವ್ರವಾದ ಅಭಾವಕ್ಕೆ ಸಿಕ್ಕಿತು. ಹಳೆಯ ಅಣೆಕಟ್ಟಿನಲ್ಲಿ ಸುಮಾರು ೪ ಮೀಟರ್ ಎತ್ತರಕ್ಕಷ್ಟೇ ನೀರನ್ನು ನಿಲ್ಲಿಸಬಹುದಾಗಿತ್ತು. ಹೊಸದು ಬಂದ ಮೇಲೆ ೬ ಮೀಟರಿನವರೆಗೆ ನಿಲ್ಲಿಸುವುದು ಸಾಧ್ಯವಾಯಿತು. ಹಾಗಿದ್ದರೂ ೨೦೧೯ರ ಬೇಸಗೆಯಲ್ಲಿ ಮತ್ತೆ ಸರದಿಯ ಮೇಲೆ ನೀರು ಬಿಡಬೇಕಾಗಿ ಬಂದಿತು. ಅಣೆಕಟ್ಟಿನ ನೀರು ಏರಿದಂತೆಲ್ಲ ಮೇಲ್ಭಾಗದ ಕೃಷಿಕರ ತೋಟ ಗದ್ದೆಗಳು ಮುಳುಗುತ್ತವೆ. ಅವರು ನಗರದ ಮತದಾರರಲ್ಲ. ಪಾಲಿಕೆಯ ಸಭೆಯಲ್ಲಿ ಅವರ ಪರವಾಗಿ ಕೈಯೆತ್ತುವವರಿಲ್ಲ. ನಗರದ ಆದ್ಯತೆಯ ಬೆಲೆಯನ್ನು ನಗರದ ಹೊರಗಿನವರು ತೆರಬೇಕಾಗುವ ಈ ಸಂಕಟಕ್ಕೆ ನಾಲ್ಕು ಸಮಿತಿಗಳಲ್ಲಿ ಯಾವುದೂ ಉತ್ತರವಲ್ಲ.

ಮೂರನೆಯ ಪಾಠ ಪಚ್ಚನಾಡಿಯದು. ಊರಿನ ಕಸವನ್ನೆಲ್ಲ ದಶಕಗಳಿಂದ ಅಲ್ಲಿಗೆ ಸಾಗಿಸಲಾಗುತ್ತಿತ್ತು. ಕಣ್ಣಿಂದ ಮರೆಯಾದುದು ಚಿಂತೆಯಿಂದಲೂ ಮರೆಯಾಯಿತು. ೨೦೧೯ರ ಆಗಸ್ಟಿನ ಜಡಿಮಳೆಗೆ ಆ ಕಸದ ಗುಡ್ಡ ಜರಿದು ಮಂದಾರ ಎಂಬಲ್ಲಿನ ತೆಂಗು ಅಡಿಕೆಯ ತೋಟಗಳ ಮೇಲೆ ಹರಿಯಿತು. ತಲೆಮಾರುಗಳಿಂದ ಬಾಳಿದ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಇಂಥ ಅನಾಹುತ ಒಂದು ದಿನದಲ್ಲಿ ಹುಟ್ಟುವುದಿಲ್ಲ. ವರ್ಷ ವರ್ಷವೂ ಆಯವ್ಯಯದ ಪಟ್ಟಿಯಲ್ಲಿ ಕಸದ ವೈಜ್ಞಾನಿಕ ವಿಲೇವಾರಿಯು ಎರಡನೆಯದೋ ಮೂರನೆಯದೋ ಆಗಿ ಉಳಿದುದರ ಮೊತ್ತ ಅದು.

ಹೊರಗಿನ ಕೈಗಳು

ಎಲ್ಲ ಹೊಣೆಯನ್ನೂ ಪಾಲಿಕೆಯ ತಲೆಗೆ ಕಟ್ಟುವುದು ನ್ಯಾಯವಾಗದು. ಊರಿನ ಭೂಬಳಕೆಯ ನಕ್ಷೆಯನ್ನು ತಯಾರಿಸುವುದು ಪಾಲಿಕೆಯ ಯೋಜನಾ ಸಮಿತಿಯಲ್ಲ, ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ. ನೀರು ಮತ್ತು ಒಳಚರಂಡಿಯ ದೊಡ್ಡ ಕಾಮಗಾರಿಗಳು ಬಹುಮಟ್ಟಿಗೆ ರಾಜ್ಯದ ಸಂಸ್ಥೆಗಳ ಮೂಲಕ ನಡೆದುವು. ಕರಾವಳಿಯ ಪಟ್ಟಣಗಳಿಗಾಗಿ ಏಷ್ಯನ್ ಅಭಿವೃದ್ಧಿ ಬ್ಯಾಂಕು ೧೯೯೯ರಲ್ಲಿ ಮಂಜೂರು ಮಾಡಿದ ಸಾಲದ ಯೋಜನೆಯೂ ಹಾಗೆಯೇ ನಡೆಯಿತು. ೨೦೧೬ರಲ್ಲಿ ಮಂಗಳೂರು ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದಾಗ ಅದಕ್ಕಾಗಿ ಪ್ರತ್ಯೇಕ ಕಂಪೆನಿಯೊಂದು ಸ್ಥಾಪಿತವಾಯಿತು. ಆ ಹಣದ ಕಾಮಗಾರಿಗಳು ಗೊತ್ತಾದುದು ಕಂಪೆನಿಯ ನಿರ್ದೇಶಕ ಮಂಡಲಿಯಲ್ಲಿ. ಕೆಲಸ ಬೇಗ ಆಗಲೆಂಬುದು ಇಂಥ ಏರ್ಪಾಟಿನ ಉದ್ದೇಶ. ಆದರೆ ವಾರ್ಡಿನ ಜನ ಪ್ರಶ್ನಿಸಬಲ್ಲುದು ತಾವು ಆರಿಸಿದ ಸದಸ್ಯರನ್ನು; ಮಂಡಲಿಯ ಬಾಗಿಲು ಅವರಿಗೆ ತಿಳಿಯದು.

ಬರಿದಾದ ಪೀಠ

ಇವೆಲ್ಲಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಪರಿಷತ್ತೇ ಇಲ್ಲದ ಕಾಲದಲ್ಲಿ ಆದ್ಯತೆಯನ್ನು ಗೊತ್ತುಮಾಡುವವರು ಯಾರು?

ಇದು ಕೇವಲ ಊಹೆಯ ಪ್ರಶ್ನೆಯಲ್ಲ. ೨೦೧೩ರ ಮಾರ್ಚಿನಲ್ಲಿ ಮಂಗಳೂರಿನ ಮತದಾರರು ತಮ್ಮ ಸದಸ್ಯರನ್ನು ಆರಿಸಿದರು. ಮೇಯರ್ ಪದವಿಯ ಮೀಸಲಾತಿಯ ವಿವಾದದಿಂದಾಗಿ ಆ ಪರಿಷತ್ತು ಕಾರ್ಯಾರಂಭ ಮಾಡಿದ್ದು ೨೦೧೪ರ ಮಾರ್ಚಿನಲ್ಲಿ. ಅದರ ಅವಧಿ ೨೦೧೯ರ ಮಾರ್ಚಿನಲ್ಲಿ ಮುಗಿಯಿತು. ಮುಂದಿನ ಚುನಾವಣೆ ನಡೆದುದು ಅದೇ ವರ್ಷದ ನವೆಂಬರ್ ೧೨ರಂದು. ಹೊಸ ಮೇಯರರ ಆಯ್ಕೆ ೨೦೨೦ರ ಫೆಬ್ರವರಿಯ ಕೊನೆಯಲ್ಲಿ. ಆ ಪರಿಷತ್ತಿನ ಐದು ವರ್ಷಗಳು ೨೦೨೫ರ ಫೆಬ್ರವರಿಯಲ್ಲಿ ತುಂಬಿದಾಗಲೂ ಹೊಸ ಚುನಾವಣೆ ನಡೆದಿರಲಿಲ್ಲ. ಮತ್ತೆ ಆಡಳಿತಾಧಿಕಾರಿಯ ಕೈಗೆ ಪಾಲಿಕೆ ಹೋಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನ ಸ್ಪಷ್ಟವಾಗಿ ವಿಧಿಸಿದ್ದರೂ ಹೀಗಾಯಿತು.

ದಿನಾಂಕಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸತ್ಯ ಹೊಳೆಯುತ್ತದೆ. ೨೦೧೯ರ ಬೇಸಗೆಯಲ್ಲಿ ಸರದಿಯ ಮೇಲೆ ನೀರು ಬಿಟ್ಟಾಗಲೂ, ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜರಿದಾಗಲೂ ಮಂಗಳೂರಿನಲ್ಲಿ ಚುನಾಯಿತ ಪರಿಷತ್ತಿರಲಿಲ್ಲ. ನಾಲ್ಕು ಸಮಿತಿಗಳಲ್ಲಿ ಒಂದೂ ಇರಲಿಲ್ಲ. ಪರಿಷತ್ತಿದ್ದಿದ್ದರೆ ಗುಡ್ಡ ಜರಿಯುತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಕಸ ಗುಡ್ಡವಾಗಿ ಬೆಳೆದುದು ಪರಿಷತ್ತುಗಳಿದ್ದ ಕಾಲದಲ್ಲಿಯೇ. ಅಧಿಕಾರಿಗಳು ಕೆಲಸ ಮಾಡಲಿಲ್ಲವೆಂದೂ ಅಲ್ಲ. ಆದರೆ ಮನೆ ಕಳೆದುಕೊಂಡವನು ತನ್ನ ವಾರ್ಡಿನ ಸದಸ್ಯನ ಮನೆ ಬಾಗಿಲಿಗೆ ಹೋಗಿ, ‘ನಮ್ಮ ಗತಿಯ ಬಗ್ಗೆ ಸಭೆಯಲ್ಲಿ ಏನು ಹೇಳಿದಿರಿ?’ ಎಂದು ಕೇಳುವ ಹಕ್ಕು ಆ ತಿಂಗಳುಗಳಲ್ಲಿ ಯಾರಿಗೂ ಇರಲಿಲ್ಲ. ಆಡಳಿತಾಧಿಕಾರಿ ಎಷ್ಟೇ ದಕ್ಷರಾಗಿದ್ದರೂ ಅವರು ಸರಕಾರಕ್ಕೆ ಉತ್ತರ ಹೇಳುವವರು, ಊರಿಗಲ್ಲ.

ವಾರ್ಡಿನ ಹತ್ತು ಮಂದಿ

ಊರಿನ ಮಾತು ಐದು ವರ್ಷಕ್ಕೊಮ್ಮೆ ಮಾತ್ರ ಕೇಳಿಬರುವುದು ಸಾಲದೆಂದು ತಿಳಿದೇ ಸಂವಿಧಾನದ ೭೪ನೆಯ ತಿದ್ದುಪಡಿಯು ಮೂರು ಲಕ್ಷಕ್ಕಿಂತ ಕಡಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ವಿಧಿಸಿತು. ಆ ತಿದ್ದುಪಡಿ ಜಾರಿಗೆ ಬಂದುದು ೧೯೯೩ರ ಜೂನ್ ೧ರಂದು. ಮಂಗಳೂರಿನಲ್ಲಿ ವಾರ್ಡು ಸಮಿತಿಗಳು ರಚಿತವಾಗಲು ಸುಮಾರು ಮೂರು ದಶಕಗಳೇ ಹಿಡಿದುವು. ಅದೂ ನಾಗರಿಕರು ಉಚ್ಚ ನ್ಯಾಯಾಲಯದ ಮೊರೆಹೊಕ್ಕ ಮೇಲೆ.

ವಾರ್ಡಿನ ಸದಸ್ಯರೇ ಈ ಸಮಿತಿಯ ಅಧ್ಯಕ್ಷರು; ಅವರೊಡನೆ ವಾರ್ಡಿನ ಹತ್ತು ಮಂದಿ ನಿವಾಸಿಗಳು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರೂ, ಇಬ್ಬರು ಪರಿಶಿಷ್ಟ ಜಾತಿ ಪಂಗಡದವರೂ, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳೂ ಇರಬೇಕು. ತಿಂಗಳಿಗೊಮ್ಮೆ ಸೇರಿ ವಾರ್ಡಿನ ಬೇಡಿಕೆಗಳನ್ನು ಅನುಕ್ರಮದಲ್ಲಿ ಬರೆದು ಪಾಲಿಕೆಗೆ ಕಳುಹಿಸುವುದು, ನಡೆದ ಕೆಲಸದ ಮೇಲೆ ಕಣ್ಣಿಡುವುದು ಇವರ ಹೊಣೆ. ತೋಡಿನ ಗೋಡೆ ಎಲ್ಲಿ ಜರಿದಿದೆಯೆಂಬುದು ಲಾಲ್‌ಬಾಗಿನ ಕಚೇರಿಗಿಂತ ಮೊದಲು ತಿಳಿಯುವುದು ಪಕ್ಕದ ಮನೆಯವರಿಗಲ್ಲವೆ? ಆ ತಿಳಿವಳಿಕೆಗೆ ಕಾಗದದ ರೂಪ ಕೊಡುವ ಸಾಧನ ವಾರ್ಡು ಸಮಿತಿ. ಆದರೆ ಅದರ ಅಧ್ಯಕ್ಷರು ಚುನಾಯಿತ ಸದಸ್ಯರೇ ಆಗಿರುವುದರಿಂದ ಪರಿಷತ್ತಿಲ್ಲದ ದಿನಗಳಲ್ಲಿ ಆ ಸಾಧನದ ತಲೆಯೇ ಇಲ್ಲದಂತಾಗುತ್ತದೆ.

ಮಂಗಳೂರಿನ ಮಧ್ಯಮ ವರ್ಗದ ಕುಟುಂಬಗಳು ಮಾತಿನಲ್ಲಿ ಹಿಂದೆ ಬೀಳುವವರಲ್ಲ. ರಸ್ತೆಯ ಹೊಂಡ, ನಳ್ಳಿಯಲ್ಲಿ ಬಾರದ ನೀರು, ಬೀದಿಯ ಮೂಲೆಯ ಕಸ, ಇವುಗಳ ವಿಚಾರ ಬಸ್ಸಿನಲ್ಲಿ, ಮದುವೆಯ ಚಪ್ಪರದಲ್ಲಿ, ಸಂಜೆಯ ಚಹದ ವೇಳೆಯಲ್ಲಿ ಧಾರಾಳವಾಗಿ ನಡೆಯುತ್ತದೆ. ಆದರೆ ಆಯವ್ಯಯಕ್ಕೆ ಮುನ್ನ ಸಲಹೆ ಕೇಳಲು ಕರೆಯುವ ಸಭೆಗೆ ಹೋಗುವವರು ಎಷ್ಟು ಮಂದಿ? ತಮ್ಮ ವಾರ್ಡಿನ ಸದಸ್ಯರು ಯಾವ ಸಮಿತಿಯಲ್ಲಿದ್ದರು, ಆ ಸಮಿತಿ ವರ್ಷದಲ್ಲಿ ಎಷ್ಟು ಸಲ ಕೂಡಿತು ಎಂದು ವಿಚಾರಿಸಿದವರು ಎಷ್ಟು ಮಂದಿ? ಕಳೆದ ವರ್ಷ ಮೊದಲನೆಯದೆಂದು ಬರೆದ ಕೆಲಸ ಈ ವರ್ಷದ ಪಟ್ಟಿಯಲ್ಲಿಯೂ ಮೊದಲನೆಯದಾಗಿಯೇ ಇದೆಯೇಕೆ ಎಂದು ಕೇಳಿದವರು ಎಷ್ಟು ಮಂದಿ?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆ ಕನ್ನಡಿಗರಿಗೆಲ್ಲ ಗೊತ್ತು. ಮಂಗಳೂರಿನ ಮಟ್ಟಿಗೆ ಅದನ್ನು ಮಳೆ ಬಂದ ಮೇಲೆ ತೋಡು ಬಿಡಿಸಿದಂತೆ ಎಂದು ಓದಿಕೊಂಡರೂ ಅರ್ಥ ಕೆಡದು. ಪಾಲಿಕೆಯ ಆಯವ್ಯಯದಲ್ಲಿ ಯಾವ ಕೆಲಸ ಮೊದಲ ಸಾಲಿನಲ್ಲಿರುತ್ತದೆಂಬುದು ಮಳೆಗೆ ಎಷ್ಟೋ ಮುಂಚೆ, ಚಳಿಗಾಲದ ಒಂದು ಸಾಧಾರಣ ಮಧ್ಯಾಹ್ನ, ಏಳು ಮಂದಿ ಕುಳಿತ ಒಂದು ಕೋಣೆಯಲ್ಲಿ ಗೊತ್ತಾಗುತ್ತದೆ. ಆ ಏಳು ಮಂದಿ ಕಾಲಕಾಲಕ್ಕೆ ಚುನಾಯಿತರಾಗಿ ಅಲ್ಲಿರಬೇಕು. ಅವರ ಮೇಜಿನ ಮೇಲೆ ವಾರ್ಡಿನವರು ಬರೆದ ಪಟ್ಟಿ ಇರಬೇಕು. ಇವೆರಡೂ ಇಲ್ಲದ ವರ್ಷ ಊರಿನ ಆದ್ಯತೆಯನ್ನು ಗೊತ್ತುಮಾಡುವುದು ಮಳೆಯೇ, ಬರವೇ, ಕಸದ ಗುಡ್ಡವೇ. ಅವು ಯಾರ ಸಲಹೆಯನ್ನೂ ಕೇಳುವುದಿಲ್ಲ.